ಎದುರಾಳಿಯ ಬುದ್ಧಿಯನ್ನು ಎಣಿಸಿದ ಗಣಿತಜ್ಞ

ಕೈವಾರವೇ ಮಹಾಭಾರತದ ಏಕಚಕ್ರನಗರವೆಂಬ ಪ್ರತೀತಿ ನಮ್ಮಲ್ಲಿ ಉಂಟು. ಮನೆಮನೆಯ ಸರದಿಯಂತೆ ಬಂಡಿ ಅನ್ನವೂ ಅದನ್ನು ತರುವ ಮನುಷ್ಯನೂ ತನಗೆ ಆಹಾರವೆಂದು ಬಕಾಸುರ ನಂಬಿದ್ದನು. ಸರದಿ ತಪ್ಪಲಿಲ್ಲ, ಬಂದವನು ಮಾತ್ರ ಭೀಮ. ಎದುರಾಳಿಯೂ ಯೋಚಿಸಬಲ್ಲನೆಂಬುದನ್ನು ಮರೆತವನಿಗೆ ಒದಗುವ ಗತಿ ಇದು. ಈ ಹಳೆಯ ವಿವೇಕವನ್ನು ಗಣಿತದ ನಿಯಮಕ್ಕೆ ಒಳಪಡಿಸಿ ಶಾಸ್ತ್ರವಾಗಿ ಬೆಳೆಸಿದವರಲ್ಲಿ ಜಾನ್ ವಾನ್ ನ್ಯೂಮನ್ನರು ಅಗ್ರಗಣ್ಯರು.

ನ್ಯೂಮನ್ನರು 1903ರ ಡಿಸೆಂಬರ್ 28ರಂದು ಹಂಗೆರಿಯ ಬುಡಾಪೆಸ್ಟಿನಲ್ಲಿ, ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. 1926ರಲ್ಲಿ ಗಣಿತದ ಡಾಕ್ಟರೇಟನ್ನೂ ರಸಾಯನ ಎಂಜಿನಿಯರಿಂಗಿನ ಪದವಿಯನ್ನೂ ಪಡೆದರು. ಒಬ್ಬನ ಗೆಲವೇ ಇನ್ನೊಬ್ಬನ ಸೋಲಾಗುವ ಆಟಗಳನ್ನು ಕುರಿತ ಅವರ ಲೇಖನ 1928ರಲ್ಲಿ ಪ್ರಕಟವಾಯಿತು. 1933ರಿಂದ ಪ್ರಿನ್ಸ್‌ಟನ್ನಿನ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು.

ಎರಡನೆಯ ಮಹಾಯುದ್ಧ ಅವರನ್ನು ಕಡಲಿನ ಕಡೆಗೆ ಸೆಳೆಯಿತು. 1942ರಲ್ಲಿ ಅಮೆರಿಕದ ನೌಕಾದಳದ ಮೈನು ಯುದ್ಧ ವಿಭಾಗವನ್ನು ಸೇರಿದ ಅವರು, 1943ರ ಮೊದಲರ್ಧದಲ್ಲಿ ಅದೇ ಕಾರ್ಯಕ್ಕಾಗಿ ಇಂಗ್ಲೆಂಡಿಗೆ ಹೋದರು. ಮೈನೆಂದರೆ ಕಡಲಲ್ಲಿ ಹುದುಗಿಸಿಟ್ಟ ಸಿಡಿಗುಂಡು. ಉಕ್ಕಿನ ಹಡಗಿನ ಕಾಂತತ್ವಕ್ಕೆ ಮಿಡಿದು ಸಿಡಿಯುವ ಮೈನುಗಳನ್ನು ಜರ್ಮನರು 1939ರಲ್ಲಿ ಬ್ರಿಟನ್ನಿನ ಕರಾವಳಿಯಲ್ಲಿ ಹಾಕಿದ್ದರು. ವಿದ್ಯುತ್ ಹರಿಯುವ ತಂತಿಗಳನ್ನು ಎಳೆಯುತ್ತ ಶೋಧಕ ನೌಕೆಗಳು ಸಾಗಿದಾಗ, ಹಡಗೇ ಬಂದಿತೆಂದು ಮೈನು ಮೋಸಹೋಗಿ ಸಿಡಿಯುತ್ತಿತ್ತು. ಅದಕ್ಕೆ ಪ್ರತಿಯಾಗಿ ಮೈನಿನೊಳಗೆ ಎಣಿಸುವ ಸಾಧನವನ್ನಿಟ್ಟರು. ಮೊದಲ ಕೆಲವು ಹಡಗುಗಳನ್ನು ಸುಮ್ಮನೆ ಬಿಟ್ಟು, ಗೊತ್ತುಮಾಡಿದ ಎಣಿಕೆಗೆ ಅದು ಸಿಡಿಯುವುದು. ಮೂರನೆಯ ಎಣಿಕೆಗೆ ಸಿಡಿಯುವುದೆಂದು ಊಹಿಸಿದ ಶೋಧಕರು ಮೂರು ಸಲ ಕಡಲನ್ನು ಗುಡಿಸಿದರೆ, ಅದನ್ನರಿತ ಶತ್ರು ನಾಲ್ಕಕ್ಕೆ ಇಡುವನು. ಇವರೂ ನಾಲ್ಕು ಸಲ ಗುಡಿಸಬೇಕಾಗುವುದು. ಹೆಚ್ಚು ಗುಡಿಸಿದಷ್ಟೂ ಬಂದರು ಮುಚ್ಚಿರುವುದು, ಆಹಾರ ತಂದ ಹಡಗುಗಳು ಹೊರಗೆ ಕಾಯುವುವು. ಕಡಮೆ ಗುಡಿಸಿದರೆ ನಾವಿಕರು ಸಾಯುವರು.

ನ್ಯೂಮನ್ನರ 1928ರ ಸಿದ್ಧಾಂತಕ್ಕೆ ಇದು ತಕ್ಕ ನಿದರ್ಶನ. ಒಂದೇ ಸಂಖ್ಯೆಗೆ ಅಂಟಿಕೊಂಡವನ ಮನಸ್ಸನ್ನು ಎದುರಾಳಿ ಓದಿಬಿಡುವನು. ಹಲವು ಸಂಖ್ಯೆಗಳನ್ನು ಲೆಕ್ಕಹಾಕಿದ ಪ್ರಮಾಣದಲ್ಲಿ ಬೆರೆಸಿ, ಈ ಸಲ ಯಾವುದೆಂಬುದನ್ನು ದಾಳಕ್ಕೆ ಬಿಟ್ಟರೆ, ಆ ಪ್ರಮಾಣ ಶತ್ರುವಿಗೆ ತಿಳಿದರೂ ಸರಾಸರಿ ನಷ್ಟ ಒಂದು ಮಿತಿಯನ್ನು ದಾಟದು. ಈ ವಿಚಾರವನ್ನು ಅವರು ಮಾರ್ಗೆನ್‌ಸ್ಟರ್ನರೊಡನೆ 1944ರಲ್ಲಿ ಬೃಹದ್ಗ್ರಂಥವಾಗಿ ಹೊರತಂದರು. ಇಂಗ್ಲೆಂಡಿನ ವಾಸದಲ್ಲಿ ಯಂತ್ರಗಣನೆಯ ಆಸಕ್ತಿಯೂ ಬಲವಾಯಿತು. ಗಣಕಯಂತ್ರದ ರಚನೆಯನ್ನು ಕುರಿತ ಅವರ ಪ್ರಸಿದ್ಧ ವರದಿ 1945ರದು.

ಆದರೆ ಅದೇ 1943ರಲ್ಲಿ ಅವರು ಅಣುಬಾಂಬಿನ ಕಾರ್ಯಕ್ಕೂ ಕೈಜೋಡಿಸಿದರು. ಬಾಂಬಿಗೆ ಗುರಿಯಾಗಬೇಕಾದ ಜಪಾನಿನ ನಗರಗಳನ್ನು ಆರಿಸಲು 1945ರಲ್ಲಿ ಸೇರಿದ ಸಮಿತಿಯಲ್ಲಿಯೂ ಅವರಿದ್ದರು. ನಾವಿಕರ ಪ್ರಾಣವನ್ನು ಕಾಯುವ ಯತ್ನಕ್ಕೆ ನೆರವಾದ ಬುದ್ಧಿಯೇ ಊರುಗಳನ್ನು ಸುಡುವುದಕ್ಕೂ ಒದಗಿತು. 1957ರ ಫೆಬ್ರವರಿ 8ರಂದು, ಐವತ್ತಮೂರನೆಯ ವಯಸ್ಸಿನಲ್ಲಿ, ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು.

ಆಟ ಹೂಡಿದ ಮೇಲೆ ಸೋಲನ್ನು ಮಿತಿಯಲ್ಲಿಡುವ ಬಗೆಯನ್ನು ಗಣಿತ ಹೇಳಬಲ್ಲದು. ಆ ಆಟವನ್ನು ಹೂಡಬೇಕೆ, ಪಣಕ್ಕೆ ಏನನ್ನು ಒಡ್ಡಬೇಕು ಎಂಬುದನ್ನು ಮನುಷ್ಯನೇ ನಿರ್ಧರಿಸಬೇಕು. ಧರ್ಮರಾಯನ ದ್ಯೂತವನ್ನು ಓದಿ ಬೆಳೆದ ನಮಗೆ ಇದು ಅಪರಿಚಿತವಲ್ಲ. 1945ರಲ್ಲಿ ಯುದ್ಧ ಮುಗಿಯಿತು. ಅದು ಮೈನುಗಳಿಗೆ ತಿಳಿಯದು. ಆದ್ದರಿಂದ ಮುಂದೆಯೂ ವರ್ಷಗಟ್ಟಲೆ ನಾವಿಕರು ಪ್ರಾಣವನ್ನು ಒತ್ತೆಯಿಟ್ಟು ಕಡಲನ್ನು ಗುಡಿಸುತ್ತಲೇ ಇರಬೇಕಾಯಿತು.