ಡ್ಯಾಂ ಜತೆಗೆ ಊರ ಕಮಿಟಿನೂ ಕಟ್ಟಿದ ಸರ್ ಎಂ.ವಿ.

ಸೆಪ್ಟೆಂಬರ್ 15 ಬಂತೆಂದರೆ ಶಾಲೆ, ಕಾಲೇಜು, ಎಂಜಿನಿಯರ್ ಕಚೇರಿಗಳಲ್ಲಿ ಮೈಸೂರು ಪೇಟ ತೊಟ್ಟ ಸರ್ ಎಂ. ವಿಶ್ವೇಶ್ವರಯ್ಯ ಅವರ ಫೋಟೊಗೆ ಹಾರ ಬೀಳುತ್ತೆ. ಭಾಷಣದಲ್ಲಿ ಕೆಆರ್‌ಎಸ್ ಡ್ಯಾಂ, ಭದ್ರಾವತಿ ಕಾರ್ಖಾನೆ, ಮೈಸೂರು ಬ್ಯಾಂಕ್ ಅಂತ ಪಟ್ಟಿ ಬರುತ್ತೆ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಕೆಲಸ ಒಂದಿದೆ. ಊರಿನ ಕೆರೆ, ಬಾವಿ, ರಸ್ತೆ, ಶಾಲೆಯ ಜವಾಬ್ದಾರಿಯನ್ನು ಊರಿನವರ ಕೈಗೇ ಕೊಡಲು ಅವರು ಪಟ್ಟ ಪ್ರಯತ್ನ.

ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿ ಅವರ ಹುಟ್ಟೂರು. ಎಳೆ ವಯಸ್ಸಿನಲ್ಲೇ ತಂದೆ ತೀರಿಹೋದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಅಲ್ಲಿ ಅವರಿಗೆ ಎದುರಾದ ಪ್ರಶ್ನೆ ನಮ್ಮ ರೈತರಿಗೆ ಚೆನ್ನಾಗಿ ಗೊತ್ತಿರೋದೇ. ಕಾಲುವೆ ಮೇಲ್ಭಾಗದವರು ನೀರು ಹಿಡಿದುಕೊಂಡರೆ ಕೆಳಗಿನವರ ಗತಿಯೇನು?

ಅದಕ್ಕೆ ಅವರು ರೂಪಿಸಿದ್ದು ಬ್ಲಾಕ್ ಪದ್ಧತಿ. ಹೊಲಗಳನ್ನು ಬ್ಲಾಕುಗಳಾಗಿ ವಿಂಗಡಿಸಿ, ಸರದಿ ಪ್ರಕಾರ ನೀರು ಬಿಟ್ಟು, ಕಬ್ಬು, ಭತ್ತ, ಮಳೆಯಾಶ್ರಿತ ಬೆಳೆಗಳನ್ನು ಬದಲಾಯಿಸುತ್ತಾ ಹೋಗುವ ಕ್ರಮ ಅದು. ಇರುವ ನೀರು ಹೆಚ್ಚು ಹಳ್ಳಿಗಳಿಗೆ ಹಂಚಬೇಕು, ಒಂದೇ ಕಡೆ ನಿಂತು ಭೂಮಿ ಜವುಳಾಗಬಾರದು ಎಂಬುದು ಅದರ ಲೆಕ್ಕ. ನೀರು ಕಟ್ಟಿ ನಿಲ್ಲಿಸಿದರೆ ಅರ್ಧ ಕೆಲಸ, ಹಂಚಿದರೆ ಪೂರ್ತಿ ಕೆಲಸ ಎಂಬುದು ಅಂದಿನಿಂದಲೇ ಅವರ ನಡೆಯಲ್ಲಿ ಕಾಣುತ್ತೆ.

1909ರಲ್ಲಿ ಮೈಸೂರು ಸಂಸ್ಥಾನದ ಚೀಫ್ ಎಂಜಿನಿಯರ್ ಆಗಿ ಬಂದರು. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಯಿತು. ಕೃಷಿ, ಕೈಗಾರಿಕೆ, ಶಿಕ್ಷಣಕ್ಕೆ ಒಂದೊಂದು ಸಮಿತಿ. ಅಧಿಕಾರಿಗಳ ಜತೆ ಅಧಿಕಾರದಲ್ಲಿಲ್ಲದವರೂ ಕೂತರು. ಮುಂದೆ ಜಿಲ್ಲೆ, ತಾಲ್ಲೂಕು ಮಟ್ಟಕ್ಕೂ ಈ ಸಮಿತಿಗಳು ಇಳಿದವು.

1912ರಲ್ಲಿ ದಿವಾನರಾದರು. ಹುದ್ದೆ ಒಪ್ಪುವ ಮುಂಚೆ ಬಂಧುಗಳನ್ನು ಊಟಕ್ಕೆ ಕರೆದು, ಯಾರೂ ಶಿಫಾರಸು ಹೊತ್ತು ಬರಬಾರದೆಂದು ಮಾತು ತಗೊಂಡ ಕಥೆ ನಾಡಿನ ಮನೆಮಾತು. 1914ರಲ್ಲಿ ಗ್ರಾಮ ಸುಧಾರಣಾ ಯೋಜನೆ ಜಾರಿಗೆ ಬಂತು. ಹಳ್ಳಿಗೊಂದು ಕಮಿಟಿ. ವಾರದಲ್ಲಿ ಅರ್ಧ ದಿನ ಊರಿನವರೇ ಸೇರಿ ಊರ ಕೆಲಸ ಮಾಡಬೇಕು. ಕೆರೆ, ಬಾವಿ, ದಾರಿ, ಶಾಲೆ, ಚರಂಡಿ ಎಲ್ಲವೂ ಅದರ ಲೆಕ್ಕಕ್ಕೇ. 1918ರ ಲೋಕಲ್ ಬೋರ್ಡ್ ಮತ್ತು ಗ್ರಾಮ ಪಂಚಾಯ್ತಿ ಕಾಯ್ದೆಯೂ ಅವರ ಕಾಲದ್ದೇ. ಇವತ್ತಿನ ಗ್ರಾಮ ಪಂಚಾಯ್ತಿಯ ಹಳೇ ಬೇರುಗಳಲ್ಲಿ ಇದೂ ಒಂದು.

ಎಲ್ಲರೂ ಅವರ ಮಾತು ಒಪ್ಪಿದರು ಅಂತಲ್ಲ. ಸರ್ಕಾರಿ ಕೆಲಸಗಳಲ್ಲಿ ಒಂದೇ ವರ್ಗದವರು ತುಂಬಿದ್ದಾರೆ, ಹಿಂದುಳಿದವರಿಗೂ ಪಾಲು ಬೇಕು ಎಂಬ ಕೂಗು ಎದ್ದಿತ್ತು. 1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ಮೊದಲು ಎಲ್ಲರಿಗೂ ಶಿಕ್ಷಣ, ಹುದ್ದೆ ಮಾತ್ರ ಅರ್ಹತೆ ಮೇಲೆ ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಅದೇ ವರ್ಷ ದಿವಾನಗಿರಿ ಬಿಟ್ಟರು. ಊರ ಕಮಿಟಿಯಲ್ಲಿ ಎಲ್ಲರೂ ಕೂರಬೇಕೆಂದ ಮನುಷ್ಯ, ಕಚೇರಿ ಕುರ್ಚಿಯ ವಿಷಯದಲ್ಲಿ ಕಾಯಿರಿ ಎಂದಂತಾಯಿತು. ಈ ವಿಷಯದಲ್ಲಿ ನಾಡು ಮುಂದೆ ನಡೆದದ್ದು ಮಿಲ್ಲರ್ ದಾರಿಯಲ್ಲೇ.

ಆದರೂ ಹಳ್ಳಿಯ ಚಿಂತೆ ಅವರನ್ನು ಬಿಡಲಿಲ್ಲ. 1950ರ ಹೊತ್ತಿಗೆ, ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲೂ, ಹಳ್ಳಿಗಳ ಗುಂಪಿಗೆ ಸಣ್ಣ ಕೈಗಾರಿಕೆ ತರುವ ಯೋಜನೆ ಹಿಡಿದು ಕೂತಿದ್ದರು. ಬೆಂಗಳೂರು, ಕೋಲಾರ ಜಿಲ್ಲೆಗಳಲ್ಲಿ ಅದು ಪ್ರಯೋಗಕ್ಕೂ ಬಂತು. 1955ರಲ್ಲಿ ಭಾರತರತ್ನ ಬಂತು. 1962ರಲ್ಲಿ, ನೂರು ದಾಟಿ, ತೀರಿಕೊಂಡರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗೆ ಈ ಕಮಿಟಿಗಳ ಗಾಳಿ ಆಗ ತಾಗಲಿಲ್ಲ. ಈ ಭಾಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆದರೆ ಪ್ರಶ್ನೆ ಮಾತ್ರ ಇಲ್ಲಿಯದ್ದೇ. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ನದಿ ನೀರು ತುಂಬಿಸುವ ಯೋಜನೆ ಬಂದಿದೆ. ಪೈಪು ಎಂಜಿನಿಯರ್ ಹಾಕಿಸ್ತಾರೆ, ಬಿಲ್ಲು ಸರ್ಕಾರ ಕೊಡುತ್ತೆ. ಏರಿ ಮೇಲಿನ ಜಾಲಿ ಕೀಳೋರು, ತೂಬು ಕಾಯೋರು, ಕೆರೆಯಂಗಳ ಒತ್ತುವರಿ ಆಗದಂತೆ ನೋಡೋರು ಯಾರು?

ನೂರು ವರ್ಷದ ಹಿಂದೆ ಆ ಎಂಜಿನಿಯರ್ ಕೊಟ್ಟ ಉತ್ತರ ಸರಳ. ವಾರಕ್ಕೆ ಅರ್ಧ ದಿನ, ಊರಿನವರೇ.