ಡೀಸೆಲ್ ಎಂಬ ಮನುಷ್ಯ, ಭಾವನ ಪಿಕಪ್

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಭಾವ ನನ್ನ ವಾಟ್ಸ್‌ಆ್ಯಪ್‌ಗೆ ಎರಡು ಫೋಟೊ ಕಳಿಸಿದರು. ಎರಡೂ ಸೆಕೆಂಡ್ ಹ್ಯಾಂಡ್ ಪಿಕಪ್. ಒಂದು ಹಳೆಯದು, ಟರ್ಬೊ ಇಲ್ಲದ್ದು, ಕೈಯಲ್ಲಿರುವ ದುಡ್ಡಿಗೇ ಸಿಗುವಂಥದ್ದು. ಇನ್ನೊಂದು ಮೂರು ವರ್ಷ ಓಡಿದ ಟರ್ಬೊ ಗಾಡಿ, ಅದಕ್ಕೆ ಸಾಲ ಮಾಡಲೇಬೇಕು. ಯಾವುದು ತಗೊಳ್ಳಲಿ, ನೀನು ಎಂ.ಟೆಕ್ ಓದಿದವನಲ್ಲವಾ ಎಂದು ಕೇಳಿದ್ದರು. ನಾನು ಎಂ.ಟೆಕ್ ಓದಿದ್ದು ಮೆಕ್ಯಾನಿಕಲ್‌ನಲ್ಲಿ ನಿಜ. ಆದರೆ ಹನ್ನೆರಡು ವರ್ಷದಿಂದ ಡೊಂಬಿವಲಿಯಿಂದ ಠಾಣೆಗೆ, ಠಾಣೆಯಿಂದ ಐರೋಲಿಗೆ ಲೋಕಲ್‌ನಲ್ಲಿ ನೇತಾಡಿಕೊಂಡು ಹೋಗಿ ಜಾವಾ ಕೋಡು ಬರೆಯುತ್ತಿದ್ದೇನೆ. ಇಂಜಿನ್ ಮುಟ್ಟಿ ಎಷ್ಟು ಕಾಲವಾಯಿತೋ.

ಭಾವ ಕುಂದಾಪುರದವರು. ಡೊಂಬಿವಲಿ ಪೂರ್ವದಲ್ಲಿ ಗಾಳೆ ಬಾಡಿಗೆಗೆ ಹಿಡಿದು ಇಡ್ಲಿ, ದೋಸೆ ಹಿಟ್ಟು ರುಬ್ಬಿ ಠಾಣೆ, ಕಲ್ಯಾಣ, ವಾಶಿಯ ಹೋಟೆಲುಗಳಿಗೆ ಹಾಕುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಗಾಡಿ ಹೊರಟರೆ ಆರಕ್ಕೆ ಹೋಟೆಲಿನ ಹಿಂಬಾಗಿಲಲ್ಲಿ ಡ್ರಮ್ಮು ಇಳಿದಿರಬೇಕು. ಶೀಲ್‌ಫಾಟಾದಲ್ಲಿ ಗಾಡಿ ಎರಡು ತಾಸು ನಿಂತರೆ ಹಿಟ್ಟು ಉಬ್ಬಿ ಮುಚ್ಚಳ ತಳ್ಳುತ್ತದೆ, ಹುಳಿ ಹಿಟ್ಟನ್ನು ಯಾವ ಮಾಲೀಕನೂ ತಗೊಳ್ಳುವುದಿಲ್ಲ. ಇಂಜಿನ್ ಆಯ್ಕೆ ಅವರಿಗೆ ಹವ್ಯಾಸವಲ್ಲ, ಸಂಸಾರದ ಪ್ರಶ್ನೆ.

ಉತ್ತರ ಕೊಡುವ ಮೊದಲು ಹಳೆಯ ಪುಸ್ತಕ ಒಂದೆರಡು ತೆಗೆದೆ. ಟರ್ಬೊ ಅಧ್ಯಾಯ ಹುಡುಕುತ್ತ ಹೋದವನು ಅದರ ಹಿಂದಿನ ಮನುಷ್ಯನಲ್ಲಿ ಸಿಕ್ಕಿಕೊಂಡೆ. ಡೀಸೆಲ್ ಎಂದರೆ ನಮಗೆ ಪಂಪಿನ ಬೋರ್ಡು, ಲೀಟರಿಗೆ ಇಷ್ಟು ಎಂಬ ದರ. ಅದು ಒಬ್ಬನ ಮನೆತನದ ಹೆಸರು ಎಂದು ಹೇಳಿದಾಗ ಭಾವ ನಂಬಲಿಲ್ಲ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ತಂದೆ ತಾಯಿ ಜರ್ಮನಿಯ ಬವೇರಿಯಾ ಕಡೆಯವರು, ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು. ಅಪ್ಪ ಬುಕ್ ಬೈಂಡಿಂಗ್ ಕಲಿತವನು, ಪ್ಯಾರಿಸ್‌ನಲ್ಲಿ ಚರ್ಮದ ಚೀಲ, ಪರ್ಸು ಮಾಡಿ ಮಾರುತ್ತಿದ್ದ. ಸಾಮಾನನ್ನು ಕೈಗಾಡಿಗೆ ಹಾಕಿ ಗಿರಾಕಿಗಳ ಮನೆಗೆ ತಳ್ಳಿಕೊಂಡು ಹೋಗಿ ಕೊಡುವ ಕೆಲಸ ಹುಡುಗ ರುಡಾಲ್ಫ್‌ನದು. ಮುಂದೆ ಜಗತ್ತಿನ ಸರಕು ಸಾಗಣೆಯನ್ನೇ ಬದಲಿಸಿದವನು ಸರಕು ಸಾಗಿಸಿದ್ದು ಹೀಗೆ.

1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ ಹತ್ತಿತು. ಜರ್ಮನ್ನರು ಪ್ಯಾರಿಸ್ ಬಿಡಬೇಕಾಯಿತು. ಕುಟುಂಬ ಲಂಡನ್ನಿಗೆ ಹೋಯಿತು, ಅಲ್ಲಿ ಅನ್ನಕ್ಕೇ ತತ್ವಾರ. ಹನ್ನೆರಡು ವರ್ಷದ ಹುಡುಗನನ್ನು ತಾಯಿ ಒಬ್ಬನನ್ನೇ ಆಗ್ಸ್‌ಬರ್ಗ್‌ನ ಬಂಧುಗಳ ಮನೆಗೆ ಕಳಿಸಿದಳು. ಅಲ್ಲಿ ಗಣಿತ ಕಲಿಸುತ್ತಿದ್ದ ಬಾರ್ನಿಕೆಲ್ ಎಂಬವರು ಅವನನ್ನು ಮನೆಯಲ್ಲಿಟ್ಟು ಓದಿಸಿದರು. ಹದಿನಾಲ್ಕಕ್ಕೇ ತಾನು ಇಂಜಿನಿಯರ್ ಆಗುತ್ತೇನೆಂದು ಹುಡುಗ ಮನೆಗೆ ಕಾಗದ ಬರೆದ. ಅಪ್ಪ ಅಮ್ಮನಿಗೆ ಅವನು ಬೇಗ ದುಡಿದರೆ ಸಾಕಾಗಿತ್ತು. ಅವರ ಮಾತು ಮೀರಿ, 1875ರಲ್ಲಿ ಸ್ಕಾಲರ್‌ಶಿಪ್ ಹಿಡಿದು ಮ್ಯೂನಿಕ್‌ನ ಪಾಲಿಟೆಕ್ನಿಕ್ ಸೇರಿದ. ಹತ್ತನೆಯ ಕ್ಲಾಸಿಗೇ ಚಿಕ್ಕಪ್ಪನ ಮನೆಗೆ, ಹಾಸ್ಟೆಲಿಗೆ ಹೋದ ನಮ್ಮ ಎಷ್ಟೋ ಮಂದಿಗೆ ಈ ಕಥೆ ಬೇರೆಯವರದು ಅನ್ನಿಸದು.

ಮ್ಯೂನಿಕ್‌ನಲ್ಲಿ ಮೇಷ್ಟರು ಕಾರ್ಲ್ ಫಾನ್ ಲಿಂಡೆ, ಶೈತ್ಯ ಯಂತ್ರಗಳ ಪಿತಾಮಹ. ಉಗಿ ಯಂತ್ರ ತಿನ್ನುವ ಕಲ್ಲಿದ್ದಲಿನ ಶಾಖದಲ್ಲಿ ಹತ್ತನೆಯ ಒಂದು ಪಾಲೂ ಕೆಲಸಕ್ಕೆ ಬರುವುದಿಲ್ಲ, ಉಳಿದದ್ದು ಹೊಗೆಯಾಗಿ ಹೋಗುತ್ತದೆ ಎಂದು ಅವರು ಪಾಠ ಮಾಡಿದರು. ಆ ಲೆಕ್ಕ ಡೀಸೆಲ್‌ನ ತಲೆ ಹೊಕ್ಕಿತು, ಸಾಯುವವರೆಗೂ ಇಳಿಯಲಿಲ್ಲ.

ಇಲ್ಲೊಂದು ಸಣ್ಣ ಸಂಗತಿ. 1879ರಲ್ಲಿ ಟೈಫಾಯ್ಡ್ ಬಂದು ಡೀಸೆಲ್‌ಗೆ ಕೊನೆಯ ಪರೀಕ್ಷೆ ತಪ್ಪಿತು. ಮುಂದಿನ ಪರೀಕ್ಷೆಯವರೆಗೆ ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್ ಪಟ್ಟಣದಲ್ಲಿ ಸುಲ್ಜರ್ ಕಾರ್ಖಾನೆ ಸೇರಿ ಕೈ ಮಸಿ ಮಾಡಿಕೊಂಡ. ಅದೇ ವರ್ಷ ಅದೇ ವಿಂಟರ್‌ಟೂರ್‌ನಲ್ಲಿ ಒಂದು ಮಗು ಹುಟ್ಟಿತು: ಆಲ್ಫ್ರೆಡ್ ಬ್ಯೂಖಿ. ಟರ್ಬೊ ಕಂಡುಹಿಡಿದವನು ಅವನೇ. ಮುಂದೆ ಅವನೂ ಕೆಲಸ ಮಾಡಿದ್ದು ಸುಲ್ಜರ್‌ನಲ್ಲಿ.

ಓದು ಮುಗಿಸಿದ ಡೀಸೆಲ್ ಪ್ಯಾರಿಸ್‌ಗೆ ಹೋಗಿ ಲಿಂಡೆಯವರ ಐಸ್ ಯಂತ್ರಗಳ ವ್ಯವಹಾರ ನೋಡಿಕೊಂಡ. 1883ರಲ್ಲಿ ಮಾರ್ತಾಳನ್ನು ಮದುವೆಯಾದ, ಮೂರು ಮಕ್ಕಳಾದವು. ಸಂಬಳದ ಕೆಲಸದ ನಡುವೆ ಸ್ವಂತ ಇಂಜಿನ್ ಪ್ರಯೋಗ. ಅಮೋನಿಯಾ ಆವಿಯಿಂದ ಓಡುವ ಯಂತ್ರವೊಂದು ಸ್ಫೋಟಗೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ. ಕಂಪನಿಯಲ್ಲಿದ್ದಾಗ ಪಡೆದ ಪೇಟೆಂಟ್‌ಗಳನ್ನು ತನ್ನ ಸ್ವಂತಕ್ಕೆ ಬಳಸುವಂತಿರಲಿಲ್ಲ. ಆಫರ್ ಲೆಟರಿನ ಕೊನೆಯ ಪುಟ ಓದಿ ಸಹಿ ಮಾಡಿದ ನಮಗೆ ಆ ಷರತ್ತು ಹೊಸದಲ್ಲ. ಅದಕ್ಕೇ ಅವನು ಐಸ್ ಬಿಟ್ಟು ಬೆಂಕಿಯ ಕಡೆ ತಿರುಗಿದ.

ಅವನ ಯೋಚನೆ ಹೇಳಲು ಸುಲಭ, ಮಾಡಲು ಮಹಾ ಕಷ್ಟ. ಸೈಕಲ್ ಪಂಪಿನ ಬಾಯಿ ಬೆರಳಲ್ಲಿ ಮುಚ್ಚಿ ಒತ್ತಿದರೆ ತುದಿ ಬಿಸಿಯಾಗುತ್ತದಲ್ಲ, ಹಾಗೆ ಸಿಲಿಂಡರಿನಲ್ಲಿ ಗಾಳಿಯನ್ನು ಮೂವತ್ತು ಪಟ್ಟಿಗೂ ಹೆಚ್ಚು ಒತ್ತಡಕ್ಕೆ ಅದುಮಿದರೆ ಅದು ಕೆಂಡದಷ್ಟು ಬಿಸಿಯಾಗುತ್ತದೆ. ಆಗ ಎಣ್ಣೆ ಚಿಮುಕಿಸಿದರೆ ಕಿಡಿಯೇ ಬೇಡ, ತಾನೇ ಹೊತ್ತಿಕೊಳ್ಳುತ್ತದೆ. 1892ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ, ಮರುವರ್ಷ ಸಿಕ್ಕಿತು. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯೂ ಕ್ರುಪ್ ಕಂಪನಿಯೂ ದುಡ್ಡು ಹಾಕಿದವು. 1893ರ ಆಗಸ್ಟ್ 10ರಂದು ಮೊದಲ ಪರೀಕ್ಷೆ: ಎಣ್ಣೆ ಹೊತ್ತಿದ್ದೇ ತಡ, ಒತ್ತಡ ಅಳೆಯುವ ಮಾಪಕವೇ ಸಿಡಿದು ಹಾರಿತು. ಪಕ್ಕದಲ್ಲಿದ್ದವರು ಬದುಕಿದ್ದೇ ಪುಣ್ಯ. ಡೀಸೆಲ್‌ಗೆ ಅಷ್ಟೇ ಸಾಕಾಗಿತ್ತು, ಕಿಡಿಯಿಲ್ಲದೆ ಬೆಂಕಿ ಹತ್ತುತ್ತದೆ ಎಂದು ಗೊತ್ತಾಯಿತು. 1894ರ ಫೆಬ್ರವರಿ 17ರಂದು ಇಂಜಿನ್ ತಾನಾಗಿ ಓಡಿತು, ಬರೇ ಒಂದು ನಿಮಿಷ. ಅದನ್ನು ಮಾರುವಂಥ ಯಂತ್ರ ಮಾಡಲು ಮತ್ತೆ ಮೂರು ವರ್ಷ ಬೇಕಾಯಿತು. 1897ರ ಫೆಬ್ರವರಿಯಲ್ಲಿ ಪ್ರೊಫೆಸರ್ ಶ್ರೋಟರ್ ಅಳೆದು ನೋಡಿದರು: ಶೇ 26.2ರಷ್ಟು ಶಾಖ ಕೆಲಸವಾಗಿ ಬರುತ್ತಿತ್ತು. ಅಂದಿನ ಯಾವ ಯಂತ್ರವೂ ಅದರ ಹತ್ತಿರಕ್ಕೆ ಇರಲಿಲ್ಲ.

ಭಾವನ ಪ್ರಶ್ನೆಗೆ ಬೇಕಾದ ಎಳೆ ಇರುವುದು ಆ ಮೂರು ವರ್ಷಗಳಲ್ಲೇ. ಸಿಲಿಂಡರಿಗೆ ಹೋಗುವ ಗಾಳಿಯನ್ನು ಮೊದಲೇ ಸ್ವಲ್ಪ ಒತ್ತಿ ಕಳಿಸಿದರೆ ಹೆಚ್ಚು ಗಾಳಿ ಹಿಡಿಯುತ್ತದೆ, ಹೆಚ್ಚು ಎಣ್ಣೆ ಸುಡಬಹುದು, ಅಷ್ಟೇ ದೊಡ್ಡ ಇಂಜಿನ್ ಹೆಚ್ಚು ಎಳೆಯುತ್ತದೆ ಎಂದು ಡೀಸೆಲ್‌ಗೆ 1896ರಲ್ಲೇ ಹೊಳೆದಿತ್ತು. ಪಿಸ್ಟನ್ನಿನ ಕೆಳಭಾಗವನ್ನೇ ಪಂಪು ಮಾಡಿ ನೋಡಿದ. ಶಕ್ತಿ ಏರಿತು, ಆದರೆ ಗಾಳಿ ಒತ್ತುವುದಕ್ಕೇ ಇಂಜಿನ್ನಿನ ಶಕ್ತಿ ಖರ್ಚಾಗಿ ಎಣ್ಣೆಯ ಲೆಕ್ಕ ಕೆಟ್ಟಿತು. ಉಳಿತಾಯವೇ ಧರ್ಮವಾಗಿದ್ದ ಮನುಷ್ಯ, ಅದನ್ನು ಕಿತ್ತು ಹಾಕಿ ಮುಂದೆ ಹೋದ. ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದದ್ದು ಇದೇ ಗಂಟನ್ನು ಬಿಚ್ಚಿ. ಗಾಳಿ ಒತ್ತಲು ಇಂಜಿನ್ನಿನ ಶಕ್ತಿ ಯಾಕೆ, ಸೈಲೆನ್ಸರಿನಲ್ಲಿ ಸುಮ್ಮನೆ ಹೊರಗೆ ಹೋಗುವ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿ ತುಂಬಿದರಾಯಿತು. ಹೊಗೆಯಲ್ಲಿ ಹೋಗುವ ಶಾಖದ ಬಗ್ಗೆ ಲಿಂಡೆ ಮೇಷ್ಟರು ಕೊರಗಿದ್ದರಲ್ಲ, ಅದರ ಒಂದು ಪಾಲು ಹೀಗೆ ವಾಪಸ್ ಬಂತು. ಆದರೆ ಅದು ಹಡಗುಗಳಲ್ಲಿ ನಿಜವಾಗಿ ಓಡುವಾಗ 1920ರ ದಶಕ ಬಂದಿತ್ತು. ಡೀಸೆಲ್ ನೋಡಲಿಲ್ಲ.

ಹಣ ಮಾತ್ರ ಬೇಗ ಬಂತು. ಅಮೆರಿಕದ ಬಿಯರ್ ದೊರೆ ಅಡೋಲ್ಫಸ್ ಬುಶ್ ಹಕ್ಕಿಗಾಗಿ ಹತ್ತು ಲಕ್ಷ ಮಾರ್ಕ್ ಕೊಟ್ಟ. 1898ರಲ್ಲಿ ಎಲ್ಲ ಹಕ್ಕುಗಳನ್ನು ಒಂದು ಕಂಪನಿಗೆ 35 ಲಕ್ಷ ಮಾರ್ಕ್‌ಗೆ ಬರೆದುಕೊಟ್ಟ ಡೀಸೆಲ್ ಮ್ಯೂನಿಕ್‌ನಲ್ಲಿ ಅರಮನೆಯಂಥ ಮನೆ ಕಟ್ಟಿಸಿದ. ಅದೇ ವರ್ಷ ನರಗಳ ದೌರ್ಬಲ್ಯದಿಂದ ಕುಸಿದು ಆರೋಗ್ಯಧಾಮ ಸೇರಿದ್ದೂ ಉಂಟು. ಪೇಟೆಂಟ್‌ನಲ್ಲಿ ಬರೆದದ್ದಕ್ಕೂ ಕೊನೆಗೆ ಓಡಿದ ಇಂಜಿನ್ನಿಗೂ ಪೂರ್ತಿ ತಾಳೆಯಿರಲಿಲ್ಲ, ಎದುರಾಳಿಗಳು ಅದನ್ನೇ ಹಿಡಿದು ಕೋರ್ಟಿಗೆ ಎಳೆದರು. ಮೊದಮೊದಲು ಮಾರಿದ ಇಂಜಿನ್‌ಗಳು ಕೆಟ್ಟು ನಿಂತವು. ಇದ್ದ ಹಣವನ್ನು ಜಾಗಕ್ಕೆ, ಎಣ್ಣೆ ಬಾವಿಗೆ ಹಾಕಿ ಕಳೆದುಕೊಂಡ. ಯಂತ್ರದ ಲೆಕ್ಕದಲ್ಲಿ ಶೇ ಒಂದು ಬಿಡದವನು ಬಡ್ಡಿಯ ಲೆಕ್ಕದಲ್ಲಿ ಸೋತ.

ಅವನ ನಿಜವಾದ ಕನಸು ಸಣ್ಣವರ ಪರವಾಗಿತ್ತು ಎನ್ನುವುದು ನನಗೆ ಈ ಓದಿನಲ್ಲಿ ಹೊಸದಾಗಿ ತಿಳಿದದ್ದು. ದೊಡ್ಡ ಉಗಿ ಯಂತ್ರ ಇಡಲು ಬಂಡವಾಳಶಾಹಿಗೆ ಮಾತ್ರ ಸಾಧ್ಯ, ಬಡಗಿ, ನೇಕಾರ, ಕಮ್ಮಾರ ಅದರೆದುರು ನಿಲ್ಲಲಾರ. ಅಂಥವನ ಅಂಗಡಿಯ ಮೂಲೆಯಲ್ಲಿ ಕೂರುವ ಅಗ್ಗದ ಇಂಜಿನ್ ಬೇಕು ಎಂದು ಅವನು ಹೊರಟಿದ್ದ. ದುಡಿಯುವವರೇ ಸೇರಿ ಕಾರ್ಖಾನೆ ನಡೆಸುವ ಬಗ್ಗೆ 1903ರಲ್ಲಿ ಪುಸ್ತಕವನ್ನೂ ಬರೆದ, ಕೊಂಡವರು ಕೆಲವೇ ನೂರು ಮಂದಿ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ ಮಾದರಿಯ ಒಂದು ಸಣ್ಣ ಇಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತು. ನೂರು ವರ್ಷದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಂಗೆ ಎಣ್ಣೆಯಲ್ಲಿ ಹಳ್ಳಿಯ ಇಂಜಿನ್ ಓಡಿಸಲು ದುಡಿದದ್ದು ಅದೇ ದಾರಿಯಲ್ಲಿ. ಆದರೆ ಅವನ ಕಾಲದ ಇಂಜಿನ್ ಅಂಗಡಿ ಮೂಲೆಗೆ ಬರಲಿಲ್ಲ, ಹಡಗಿಗೆ ಹೋಯಿತು. ಎಣ್ಣೆ ಚಿಮುಕಿಸಲು ಬೇರೆ ಗಾಳಿಯ ಕಂಪ್ರೆಸರೇ ಬೇಕಿದ್ದುದರಿಂದ ಯಂತ್ರ ಭಾರೀ ಗಾತ್ರದ್ದು. ಲಾರಿಗೆ ಇಳಿಸಲು ಅವನೇ ಪಟ್ಟ ಪ್ರಯತ್ನ ಕೈಗೂಡಲಿಲ್ಲ. ಡೀಸೆಲ್ ಲಾರಿ ಮಾರುಕಟ್ಟೆಗೆ ಬಂದದ್ದು 1924ರ ಹೊತ್ತಿಗೆ.

1913ರ ಸೆಪ್ಟೆಂಬರ್ 29ರ ಸಂಜೆ ಅವನು ಆಂಟ್‌ವರ್ಪ್‌ನಲ್ಲಿ ಡ್ರೆಸ್ಡನ್ ಎಂಬ ಹಡಗು ಹತ್ತಿದ, ಇಂಗ್ಲೆಂಡಿನಲ್ಲಿ ಕಂಪನಿಯ ಮೀಟಿಂಗ್ ಇತ್ತು. ಜೊತೆಯವರೊಂದಿಗೆ ಊಟ ಮಾಡಿ, ಬೆಳಿಗ್ಗೆ 6.15ಕ್ಕೆ ಎಬ್ಬಿಸಲು ಹೇಳಿ, ರಾತ್ರಿ ಹತ್ತರ ಸುಮಾರಿಗೆ ಕ್ಯಾಬಿನ್ನಿಗೆ ಹೋದ. ಬೆಳಿಗ್ಗೆ ನೋಡಿದರೆ ಹಾಸಿಗೆಯಲ್ಲಿ ಮಲಗಿದ ಗುರುತಿಲ್ಲ. ಹಿಂದಿನ ಡೆಕ್ಕಿನ ಕಂಬಿಯ ಕೆಳಗೆ ಟೋಪಿ, ಮಡಚಿಟ್ಟ ಕೋಟು. ಹತ್ತು ದಿನದ ಮೇಲೆ ಡಚ್ ದೋಣಿಯೊಂದಕ್ಕೆ ಶವ ಸಿಕ್ಕಿತು. ಜೇಬಿನಲ್ಲಿದ್ದ ಮಾತ್ರೆ ಡಬ್ಬಿ, ಚಾಕು, ಕನ್ನಡಕದ ಕೇಸು ತೆಗೆದುಕೊಂಡು ದೇಹವನ್ನು ಸಮುದ್ರಕ್ಕೇ ಬಿಟ್ಟರು. ಅವು ಅಪ್ಪನವೇ ಎಂದು ಮಗ ಯೂಜೆನ್ ಗುರುತಿಸಿದ. ಹೊರಡುವ ಮುಂಚೆ ಹೆಂಡತಿಗೆ ಒಂದು ಚೀಲ ಕೊಟ್ಟಿದ್ದ, ವಾರದ ಮೇಲೆ ತೆರೆ ಎಂದು ಹೇಳಿ. ಅದರಲ್ಲಿ 20,000 ಮಾರ್ಕ್ ನಗದು, ಜೊತೆಗೆ ಬ್ಯಾಂಕಿನಲ್ಲಿ ಏನೂ ಉಳಿದಿಲ್ಲವೆಂದು ತೋರಿಸುವ ಕಾಗದಗಳು. ಡೈರಿಯಲ್ಲಿ ಆ ದಿನದ ಪುಟದ ಮೇಲೆ ಒಂದು ಶಿಲುಬೆಯ ಗುರುತು. ಕೊಲೆ ಎಂದವರಿದ್ದಾರೆ, ಗುಪ್ತಚರರ ಕೈವಾಡ ಎಂದವರಿದ್ದಾರೆ. ಆ ಚೀಲದ ವಿಷಯ ಓದಿದ ಮೇಲೆ ನನಗೆ ಬೇರೆ ಕಥೆ ಬೇಕೆನಿಸಲಿಲ್ಲ. ಅವನಿಗೆ ಆಗ 55.

ಒಂದು ಭಾನುವಾರ ಅಕ್ಕನ ಮನೆಯಲ್ಲಿ ಮೀನೂಟದ ನಂತರ ಇದನ್ನೆಲ್ಲ ಹೇಳಿದೆ. ಗಂಗೊಳ್ಳಿ ಬಂದರಿನಲ್ಲಿ ಬೋಟಿನ ಇಂಜಿನ್ ಸದ್ದು ಕೇಳಿಯೇ ಬೆಳೆದ ಭಾವ, ಸಮುದ್ರದ ಭಾಗ ಬಂದಾಗ ಮಾತಾಡಲಿಲ್ಲ. ಆಮೇಲೆ ಗಾಡಿಯ ವಿಷಯಕ್ಕೆ ಬಂದರು.

ನಾನು ಹೇಳಿದ್ದಿಷ್ಟು. ಡೊಂಬಿವಲಿ, ಠಾಣೆ, ವಾಶಿ ಮಾತ್ರವಾದರೆ ಟರ್ಬೊ ಇಲ್ಲದ ಹಳೆಯ ಗಾಡಿ ಸಾಕು. ಶೀಲ್‌ಫಾಟಾದ ಜಾಮಿನಲ್ಲಿ ಒಂದು, ಎರಡನೇ ಗೇರಿನಲ್ಲಿ ತೆವಳುವಾಗ ಹೊಗೆಗೆ ರಭಸವಿರುವುದಿಲ್ಲ, ಟರ್ಬೊ ಇದ್ದೂ ಇಲ್ಲದಂತೆ. ಹಳೆಯದರಲ್ಲಿ ಕೆಡುವ ಭಾಗ ಕಡಿಮೆ, ಕಾಟಾಯಿ ನಾಕೆಯ ಯಾವ ಮಿಸ್ತ್ರಿಯೂ ಬಿಚ್ಚಿ ಕಟ್ಟುತ್ತಾನೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಡೀಸೆಲ್ ಪಿಕಪ್ ಎಂದರೆ ಬಹುಪಾಲು ಟರ್ಬೊವೇ. ಹಾಗಾಗಿ ಈ ಆಯ್ಕೆ ಉಳಿದಿರುವುದು ಸೆಕೆಂಡ್ ಹ್ಯಾಂಡ್‌ನಲ್ಲಿ. ಆದರೆ ಘಾಟ್ ಹತ್ತುವುದಿದ್ದರೆ ಲೆಕ್ಕ ಬೇರೆ. ಭಾರ ಹೇರಿ ಏರಿನಲ್ಲಿ ಇಂಜಿನ್ ಪೂರ್ತಿ ದುಡಿಯುವಾಗಲೇ ಟರ್ಬೊ ಪೂರ್ತಿ ಎಚ್ಚರವಾಗುತ್ತದೆ. 600 ಮೀಟರು ಮೇಲಿರುವ ಲೋನಾವಳಾದಲ್ಲಿ ಗಾಳಿ ಇಲ್ಲಿಗಿಂತ ಶೇ 6ರಷ್ಟು ತೆಳು, ಟರ್ಬೊ ಇಲ್ಲದ್ದು ಅಷ್ಟನ್ನೂ ಕಳೆದುಕೊಳ್ಳುತ್ತದೆ, ಇದ್ದದ್ದು ತುಂಬಿಕೊಳ್ಳುತ್ತದೆ.

ಆಗ ಅಕ್ಕ ಒಳಗಿನಿಂದಲೇ ಹೇಳಿದಳು, ಲೋನಾವಳಾದ ಎರಡು ಹೋಟೆಲಿನವರು ದಸರಾ ನಂತರ ಹಿಟ್ಟು ಕೇಳಿದ್ದಾರೆಂದು. ಭಾವ ಇದನ್ನು ನನಗೆ ಹೇಳಿಯೇ ಇರಲಿಲ್ಲ. ಸಾಲದ ಹೆದರಿಕೆಗೆ ಬಚ್ಚಿಟ್ಟಿದ್ದರು ಅಂತ ಕಾಣುತ್ತದೆ.

ಪೇಪರು ತೆಗೆದು ಕುಳಿತೆವು. ಟರ್ಬೊ ಗಾಡಿಯ ಕಂತು, ಎರಡು ಹೋಟೆಲಿನ ಬಿಲ್ಲು, ಎಕ್ಸ್‌ಪ್ರೆಸ್‌ವೇ ಟೋಲು, ಡ್ರೈವರ್ ಸಂಬಳ. ಲೋನಾವಳಾದ ಒಂದು ಹೋಟೆಲು ಕೈಬಿಟ್ಟರೂ ಕಂತು ಕಟ್ಟಲು ಆಗುತ್ತದೆಯೇ ಎಂದು ಮಾತ್ರ ಮತ್ತೆ ಮತ್ತೆ ನೋಡಿದೆ. ಆಗುವಂತಿತ್ತು, ಬಿಗಿಯಾಗಿ. ಭಾವ ಅಕ್ಕನ ಮುಖ ನೋಡಿದರು, ಅಕ್ಕ ತಲೆಯಾಡಿಸಿದಳು.

ನವೆಂಬರಿನಲ್ಲಿ ಮೊದಲ ಟ್ರಿಪ್‌ಗೆ ನಾನೂ ಹೋದೆ. ಖಂಡಾಲಾ ಏರಿನಲ್ಲಿ ಮೂರನೇ ಗೇರಿನಿಂದ ಇಳಿಯದೆ ಗಾಡಿ ಹತ್ತಿತು, ಸಣ್ಣ ಸೀಟಿಯಂಥ ಟರ್ಬೊ ಸದ್ದು ಕ್ಯಾಬಿನ್ನಿನೊಳಗೆ ಕೇಳುತ್ತಿತ್ತು. ಹೋಟೆಲಿನ ಹಿಂದೆ ನಿಲ್ಲಿಸಿದ ಡ್ರೈವರ್ ಕೀ ತಿರುಗಿಸಲು ಹೋದ. ನಿಮಿಷಕ್ಕೆ ಲಕ್ಷ ಸುತ್ತು ತಿರುಗಿದ ಚಕ್ರ ಅದು, ಇಂಜಿನ್ ನಿಂತರೆ ಅದರ ಬೇರಿಂಗ್‌ಗೆ ಆಯಿಲ್ ಹೋಗುವುದೂ ನಿಲ್ಲುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಭಾವ ಅವನ ಕೈ ಹಿಡಿದರು. ಇಂಜಿನ್ ಒಂದು ನಿಮಿಷ ಸುಮ್ಮನೆ ಓಡುತ್ತಿರಲಿ ಎಂದು ಸನ್ನೆ ಮಾಡಿ, ಇಳಿದು ಡ್ರಮ್ಮಿನ ಹಗ್ಗ ಬಿಚ್ಚತೊಡಗಿದರು.