ಅಪಸ್ವರವನ್ನೇ ನಿಯಮ ಮಾಡಿಕೊಂಡ ರೂತ್ ಕ್ರಾಫರ್ಡ್

ಅಮೆರಿಕದ ಜಾನಪದ ಗಾಯಕ ಪೀಟ್ ಸೀಗರ್ ಹೆಸರು ನಿಮ್ಮಲ್ಲಿ ಕೆಲವರಿಗಾದ್ರೂ ಗೊತ್ತಿರುತ್ತೆ. ಅವರ ಮಲತಾಯಿ ರೂತ್ ಕ್ರಾಫರ್ಡ್ ಸೀಗರ್ ಬಗ್ಗೆ ಗೊತ್ತಿರೋರು ಕಡಿಮೆ. ನನ್ನ ಪ್ರಕಾರ ಆ ಮನೆಯಲ್ಲಿ ಎಲ್ಲರಿಗಿಂತ ಧೈರ್ಯದ ಸಂಗೀತ ಬರೆದವರು ಇವರೇ.

ರೂತ್ ಹುಟ್ಟಿದ್ದು 1901ರಲ್ಲಿ, ಒಹಾಯೊ ರಾಜ್ಯದಲ್ಲಿ. ತಂದೆ ಪಾದ್ರಿ, 1914ರಲ್ಲೇ ತೀರಿಕೊಂಡರು. 1921ರಲ್ಲಿ ಪಿಯಾನೋ ಕಲಿಯೋಕೆ ಶಿಕಾಗೋಗೆ ಹೋದ ರೂತ್, ಅಲ್ಲಿ ಸಂಗೀತ ರಚನೆ ಕಡೆ ಹೊರಳಿದರು. 1929ರಲ್ಲಿ ನ್ಯೂಯಾರ್ಕ್‌ಗೆ ಬಂದು ಚಾರ್ಲ್ಸ್ ಸೀಗರ್ ಹತ್ತಿರ ಪಾಠಕ್ಕೆ ಸೇರಿದರು. ಹೆಂಗಸರು ಸಂಗೀತ ರಚಿಸಬಲ್ಲರು ಅನ್ನೋದ್ರಲ್ಲೇ ಚಾರ್ಲ್ಸ್‌ಗೆ ಅಷ್ಟು ನಂಬಿಕೆ ಇರಲಿಲ್ಲ!

ಕೌಂಟರ್‌ಪಾಯಿಂಟ್ ಅಂದ್ರೆ ಎರಡು ಮೂರು ಮಧುರ ಸಾಲುಗಳು ಒಟ್ಟಿಗೇ, ಆದ್ರೆ ತಮ್ಮ ಪಾಡಿಗೆ ತಾವು ಸಾಗೋದು. ಹಳೇ ನಿಯಮದ ಪ್ರಕಾರ ಅವುಗಳ ಸ್ವರಗಳು ಒಂದಕ್ಕೊಂದು ಹೊಂದಬೇಕು. ತಿಕ್ಕಾಟ ಬಂದ್ರೆ ಬೇಗ ಬಿಡಿಸಬೇಕು. ಚಾರ್ಲ್ಸ್ ಇದನ್ನ ತಲೆಕೆಳಗು ಮಾಡಿದ್ರು. ತಿಕ್ಕಾಟವೇ ಸಹಜ, ಹೊಂದುವ ಸ್ವರ ಬಂದ್ರೆ ಅದನ್ನೇ ಬಿಡಿಸಬೇಕು. ಒಮ್ಮೆ ಬಂದ ಸ್ವರ ಮತ್ತೆ ಬೇಕಂದ್ರೆ ನಡುವೆ ಬೇರೆ ಹಲವು ಸ್ವರಗಳು ಬಂದು ಹೋಗಬೇಕು. ಚಾರ್ಲ್ಸ್ ಹತ್ರ ಇದು ಸಿದ್ಧಾಂತವಾಗಿತ್ತು. ಕೇಳುವಂಥ ಸಂಗೀತ ಆಗಿದ್ದು ರೂತ್ ಕೈಯಲ್ಲಿ.

1930ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಪಡೆದ ಮೊದಲ ಮಹಿಳಾ ಸಂಗೀತ ರಚನಾಕಾರರಾಗಿ ಬರ್ಲಿನ್‌ಗೆ ಹೋದರು. 1931ರಲ್ಲಿ ಬರೆದ ಸ್ಟ್ರಿಂಗ್ ಕ್ವಾರ್ಟೆಟ್‌ನ ಕೊನೇ ಭಾಗವನ್ನ ನಮ್ಮಂಥ ಕೋಡ್ ಬರೆಯೋರು ಕೇಳಲೇಬೇಕು. ಮೊದಲನೇ ವಯೊಲಿನ್ ಒಂದು ಸ್ವರ ನುಡಿಸುತ್ತೆ, ಆಮೇಲೆ ಎರಡು, ಆಮೇಲೆ ಮೂರು. ಉಳಿದ ಮೂರು ವಾದ್ಯಗಳು ಇಪ್ಪತ್ತರಿಂದ ಶುರುಮಾಡಿ ಒಂದೊಂದೇ ಕಮ್ಮಿ ಮಾಡ್ತಾ ಬರ್ತವೆ. ವಯೊಲಿನ್ ಜೋರಿನಿಂದ ಮೆಲ್ಲಗೆ, ಅವು ಮೆಲ್ಲಗಿನಿಂದ ಜೋರಿಗೆ. ಅರ್ಧಕ್ಕೆ ಬಂದ ಮೇಲೆ ಎಲ್ಲವೂ ಅರ್ಧ ಸ್ವರ ಮೇಲಕ್ಕೇರಿ ಹಿಂದುಮುಂದಾಗಿ ವಾಪಸ್! ಇಷ್ಟೆಲ್ಲ ಲೆಕ್ಕ ಇದ್ರೂ ಕಿವಿಗೆ ಅದು ಜಗಳದ ಹಾಗೆ ಕೇಳುತ್ತೆ, ಲೆಕ್ಕದ ಹಾಗಲ್ಲ.

1932ರಲ್ಲಿ ಚಾರ್ಲ್ಸ್ ಜೊತೆ ಮದುವೆ. ನಾಲ್ಕು ಮಕ್ಕಳು, ಆರ್ಥಿಕ ಕುಸಿತದ ಕಾಲ, ವಾಷಿಂಗ್ಟನ್‌ನಲ್ಲಿ ಪಿಯಾನೋ ಪಾಠ ಹೇಳಿ ಸಂಸಾರ ನಡೆಸೋದು. ಸ್ವಂತ ರಚನೆ ಹೆಚ್ಚುಕಮ್ಮಿ ನಿಂತೇಹೋಯ್ತು. ಸಿದ್ಧಾಂತ ಮಾಡಿದವರು ಚಾರ್ಲ್ಸ್, ಬರವಣಿಗೆ ಬಿಟ್ಟವರು ರೂತ್. ಇದು ನನಗೆ ಸಿಟ್ಟು ತರಿಸುತ್ತೆ.

ಆದ್ರೆ ಆ ವರ್ಷಗಳು ವ್ಯರ್ಥ ಅಂತ ಹೇಳೋಕೂ ಆಗಲ್ಲ. ಲೋಮ್ಯಾಕ್ಸ್ ತಂದೆ-ಮಗ ಹಳ್ಳಿಗಳಲ್ಲಿ ಧ್ವನಿಮುದ್ರಿಸಿದ ಹಾಡುಗಳನ್ನ ಮತ್ತೆ ಮತ್ತೆ ಕೇಳಿ, ಗಾಯಕರು ಎಲ್ಲಿ ಸ್ವರ ಜಾರಿಸಿದ್ರು, ಎಲ್ಲಿ ತಾಳ ಎಳೆದ್ರು ಅಂತ ರೂತ್ ಬರೆದಿಟ್ಟರು. ತಿದ್ದಿ ಚಂದ ಮಾಡಲಿಲ್ಲ. 1948ರಲ್ಲಿ ಮಕ್ಕಳಿಗಾಗಿ ಜಾನಪದ ಹಾಡುಗಳ ಪುಸ್ತಕ ತಂದರು. ಮಕ್ಕಳಾದ ಮೈಕ್ ಮತ್ತು ಪೆಗ್ಗಿ ಇಬ್ಬರೂ ಹೆಸರಾಂತ ಜಾನಪದ ಗಾಯಕರಾದರು.

1952ರಲ್ಲಿ ಐದು ಊದುವಾದ್ಯಗಳಿಗೆ ಒಂದು ಸೂಟ್ ಬರೆದರು. ಹಳೇ ತಿಕ್ಕಾಟ ಅದರಲ್ಲಿ ಮತ್ತೆ ಕೇಳಿಸುತ್ತೆ. ಮುಂದಿನ ವರ್ಷ ನವೆಂಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 52 ವರ್ಷ.